ಕೆಮ್ಮು ಒಂದೇ, ಕಾರಣ ಹಲವು: ಉಸಿರಾಟದ ಸಾಮಾನ್ಯ ಕಾಯಿಲೆಗಳು



ಪ್ರಥಮ ಪಿಯುಸಿ ಜೀವಶಾಸ್ತ್ರದ ‘ಉಸಿರಾಟ ಮತ್ತು ಅನಿಲಗಳ ವಿನಿಮಯ’ ಪಾಠದ ಕೊನೆಯಲ್ಲಿ ಉಸಿರಾಟದ ಕಾಯಿಲೆಗಳ ಬಗ್ಗೆ ಕೆಲವೇ ಸಾಲುಗಳಿವೆ. ಅಸ್ತಮಾ, ಎಂಫಿಸೀಮ, ವೃತ್ತಿಯಿಂದ ಬರುವ ಕಾಯಿಲೆಗಳು ಎಂದು ಮೂರು ಹೆಸರು, ಮೂರು ವಿವರಣೆ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಈ ಮೂರರಲ್ಲೂ ರೋಗಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: “ಕೆಮ್ಮು ಬಿಡ್ತಿಲ್ಲ, ನಾಲ್ಕು ಹೆಜ್ಜೆ ಹಾಕಿದ್ರೆ ದಮ್ಮು ಬರುತ್ತೆ.” ಹೀಗಿರುವಾಗ ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ತಿಳಿಯುವುದು ಹೇಗೆ?

ನಾನು ತರಗತಿಯಲ್ಲಿ ಹೇಳುವುದಿಷ್ಟು: ಕಾಯಿಲೆಯ ಹೆಸರಿಗಿಂತ ಮೊದಲು ಅದು ಇರುವ ಜಾಗ ಕೇಳಿ. ತೊಂದರೆ ಇರುವುದು ಗಾಳಿಯ ಕೊಳವೆಯಲ್ಲೋ, ಗಾಳಿಚೀಲದ ಗೋಡೆಯಲ್ಲೋ, ಚೀಲಗಳ ನಡುವಿನ ಅಂಗಾಂಶದಲ್ಲೋ? ಜಾಗ ಗೊತ್ತಾದರೆ ಯಾವುದು ಸರಿಹೋಗುತ್ತದೆ, ಯಾವುದು ಒಮ್ಮೆ ಹಾಳಾದರೆ ಮರಳಿ ಬರುವುದಿಲ್ಲ ಎಂಬುದೂ ಗೊತ್ತಾಗುತ್ತದೆ.

ಗಾಳಿ ಸಾಗುವ ದಾರಿ

ಮೂಗಿನಿಂದ ಒಳಹೋದ ಗಾಳಿ ಧ್ವನಿಪೆಟ್ಟಿಗೆ ದಾಟಿ ಶ್ವಾಸನಾಳಕ್ಕೆ ಬರುತ್ತದೆ. ಶ್ವಾಸನಾಳ ಎರಡು ಕವಲಾಗಿ, ಆ ಕವಲುಗಳು ಮತ್ತೆ ಮತ್ತೆ ಒಡೆದು ಸಣ್ಣ ಸಣ್ಣ ನಾಳಗಳಾಗುತ್ತವೆ. ತುದಿಯಲ್ಲಿರುವುದು ಗಾಳಿಚೀಲಗಳು, ಎರಡೂ ಶ್ವಾಸಕೋಶ ಸೇರಿ ಸುಮಾರು 30 ಕೋಟಿ. ಇವುಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ 25 ಅಡಿ ಅಗಲ 30 ಅಡಿ ಉದ್ದದ ತರಗತಿ ಕೊಠಡಿಯ ನೆಲದಷ್ಟು ಜಾಗ.

ವಿಶ್ರಾಂತಿಯಲ್ಲಿರುವಾಗ ಒಂದು ಉಸಿರಿಗೆ 500 ಮಿಲಿಲೀಟರ್ ಗಾಳಿ. ನಿಮಿಷಕ್ಕೆ 12ರಿಂದ 16 ಉಸಿರು. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 10,000 ಲೀಟರ್. ಇಷ್ಟು ಗಾಳಿಯ ಜೊತೆ ಧೂಳು, ಹೊಗೆ, ಪರಾಗವೂ ಬರುತ್ತವೆ. ದೊಡ್ಡ ಕಣಗಳನ್ನು ಮೂಗಿನ ಕೂದಲು ಮತ್ತು ಲೋಳೆ ತಡೆಯುತ್ತವೆ. ನಾಳಗಳಲ್ಲಿ ಸಿಕ್ಕಿಬಿದ್ದ ಕಣಗಳನ್ನು ಸೂಕ್ಷ್ಮ ರೋಮಗಳು ಲೋಳೆಯ ಜೊತೆ ಮೇಲಕ್ಕೆ ತಳ್ಳುತ್ತವೆ. ಆದರೆ 2.5 ಮೈಕ್ರೊಮೀಟರ್‌ಗಿಂತ ಸಣ್ಣ ಕಣಗಳು ಈ ಕಾವಲನ್ನು ದಾಟಿ ಗಾಳಿಚೀಲದವರೆಗೆ ಹೋಗಬಲ್ಲವು.

ಅಸ್ತಮಾ: ತೊಂದರೆ ಕೊಳವೆಯಲ್ಲಿ

ಹಳ್ಳಿಯ ಹಿರಿಯರು ಇದನ್ನು ಗೂರಲು, ಉಬ್ಬಸ ಎನ್ನುತ್ತಾರೆ. ಶ್ವಾಸನಾಳಗಳ ಒಳಪದರ ಉರಿಯೂತದಿಂದ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಲೋಳೆ ಹೆಚ್ಚುತ್ತದೆ. ಇಕ್ಕಟ್ಟಾದ ಕೊಳವೆಯಿಂದ ಗಾಳಿ ಹೊರಬರುವಾಗ ಸುಯ್ಯೆಂಬ ಶಬ್ದ ಕೇಳಿಸುತ್ತದೆ. ಮನೆಯ ಧೂಳಿನ ಹುಳ, ಕಾಂಗ್ರೆಸ್ ಗಿಡದ ಪರಾಗ, ತೆಂಗಿನ ನಾರಿನ ಧೂಳು, ಅಗರಬತ್ತಿ ಮತ್ತು ಲೋಬಾನದ ಹೊಗೆ, ತಣ್ಣನೆಯ ಗಾಳಿ, ನೆಗಡಿ, ಇವುಗಳಲ್ಲಿ ಯಾವುದು ಬೇಕಾದರೂ ಇದನ್ನು ಕೆರಳಿಸಬಹುದು. ಎಲ್ಲರಿಗೂ ಎಲ್ಲವೂ ಆಗಿಬರುವುದಿಲ್ಲ ಎಂದಲ್ಲ. ತನಗೆ ಯಾವುದು ಆಗದು ಎಂದು ಗುರುತಿಸಿಕೊಳ್ಳುವುದೇ ಮೊದಲ ಪಾಠ.

ನಗರ ಬೆಳೆದಂತೆ ಈ ಕಾಯಿಲೆಯೂ ಹೆಚ್ಚಿದ್ದನ್ನು ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ದಾಖಲಿಸಿದ್ದಾರೆ. ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಮಕ್ಕಳಲ್ಲಿ ಅಸ್ತಮಾ ಇದ್ದವರು 1979ರಲ್ಲಿ ಶೇ. 9, 1999ರ ಹೊತ್ತಿಗೆ ಶೇ. 29.5.

ಸಮಾಧಾನದ ವಿಷಯವೆಂದರೆ ಅಸ್ತಮಾದಲ್ಲಿ ಗಾಳಿಚೀಲಗಳು ಹಾಳಾಗಿರುವುದಿಲ್ಲ. ಬಿಗಿದ ಕೊಳವೆ ಔಷಧಿಗೆ ಸಡಿಲಗೊಳ್ಳುತ್ತದೆ. ಆದ್ದರಿಂದ ನನಗೆ ಚಿಂತೆ ತರುವುದು ಕಾಯಿಲೆಗಿಂತ ಹೆಚ್ಚಾಗಿ, ಇನ್‌ಹೇಲರನ್ನು ಬ್ಯಾಗಿನ ತಳದಲ್ಲಿ ಬಚ್ಚಿಡುವ ವಿದ್ಯಾರ್ಥಿ. “ಅದು ಸ್ಟ್ರಾಂಗ್ ಔಷಧಿ, ಒಮ್ಮೆ ಶುರು ಮಾಡಿದ್ರೆ ಬಿಡೋಕಾಗಲ್ಲ” ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಲೆಕ್ಕ ನೋಡಿ: ಸಾಲ್ಬುಟಮಾಲ್ ಇನ್‌ಹೇಲರನ್ನು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೊಗ್ರಾಂ. ಅದೇ ಔಷಧಿಯ ಮಾತ್ರೆಯಲ್ಲಿರುವುದು 2 ಅಥವಾ 4 ಮಿಲಿಗ್ರಾಂ, ಅಂದರೆ 20ರಿಂದ 40 ಪಟ್ಟು. ಮಾತ್ರೆ ರಕ್ತದ ಮೂಲಕ ಇಡೀ ದೇಹ ಸುತ್ತಬೇಕು; ಇನ್‌ಹೇಲರ್ ನೇರವಾಗಿ ಕೊಳವೆಗೇ ಹೋಗುತ್ತದೆ. ತಕ್ಷಣ ಉಸಿರು ಬಿಡಿಸುವ ಇನ್‌ಹೇಲರ್ ಬೇರೆ, ಉರಿಯೂತ ತಗ್ಗಿಸಲು ದಿನವೂ ತೆಗೆದುಕೊಳ್ಳುವ ಇನ್‌ಹೇಲರ್ ಬೇರೆ. ಚೆನ್ನಾಗಿದ್ದೇನೆ ಎಂದು ಎರಡನೆಯದನ್ನು ನಿಲ್ಲಿಸುವುದರಿಂದಲೇ ಅನೇಕರಿಗೆ ಕಾಯಿಲೆ ಮರುಕಳಿಸುತ್ತದೆ. ರಂಜಾನ್ ತಿಂಗಳಲ್ಲಿ ಉಪವಾಸ ಇರುವವರು ಔಷಧಿಯನ್ನು ತಾವಾಗಿ ಬಿಡಬಾರದು. ದಿನಕ್ಕೆ ಎರಡು ಸಲದ ಔಷಧಿಯನ್ನು ಸಹರಿ ಮತ್ತು ಇಫ್ತಾರ್ ಹೊತ್ತಿಗೆ ಹೊಂದಿಸಿಕೊಳ್ಳಬಹುದೇ ಎಂದು ತಿಂಗಳು ಶುರುವಾಗುವ ಮೊದಲೇ ವೈದ್ಯರನ್ನು ಕೇಳಿ. ಉಸಿರು ಕಟ್ಟಿದಾಗ ಮಾತ್ರ ಹೊತ್ತು ನೋಡುತ್ತಾ ಕೂರುವಂತಿಲ್ಲ.

ಎಂಫಿಸೀಮ: ತೊಂದರೆ ಚೀಲದ ಗೋಡೆಯಲ್ಲಿ

ಬೀಡಿ, ಸಿಗರೇಟಿನ ಹೊಗೆ ವರ್ಷಗಟ್ಟಲೆ ಒಳಹೋದರೆ ಬಿಳಿ ರಕ್ತಕಣಗಳು ಶ್ವಾಸಕೋಶದಲ್ಲಿ ಜಮಾಯಿಸಿ ಎಲಾಸ್ಟೇಸ್ ಎಂಬ ಕಿಣ್ವವನ್ನು ಬಿಡುತ್ತವೆ. ಗಾಳಿಚೀಲಕ್ಕೆ ಹಿಗ್ಗುವ, ಕುಗ್ಗುವ ಗುಣ ಕೊಡುವ ಎಲಾಸ್ಟಿನ್ ನಾರುಗಳನ್ನು ಇದು ಕರಗಿಸುತ್ತದೆ. ಚೀಲಗಳ ನಡುವಿನ ಗೋಡೆ ಒಡೆದು ಹತ್ತಾರು ಸಣ್ಣ ಚೀಲಗಳು ಸೇರಿ ಒಂದು ದೊಡ್ಡ ಚೀಲವಾಗುತ್ತದೆ. ಅನಿಲ ವಿನಿಮಯಕ್ಕೆ ಸಿಗುವ ಜಾಗ ಕಡಿಮೆಯಾಗುತ್ತದೆ. ಹಳೆಯ ಸಾಕ್ಸಿನ ಎಲಾಸ್ಟಿಕ್ ಸಡಿಲವಾದಂತೆ ಶ್ವಾಸಕೋಶ ಕುಗ್ಗುವ ಬಲ ಕಳೆದುಕೊಳ್ಳುವುದರಿಂದ ಗಾಳಿ ಒಳಗೇ ಉಳಿದುಬಿಡುತ್ತದೆ. ಒಡೆದ ಗೋಡೆಯನ್ನು ಮತ್ತೆ ಕಟ್ಟುವ ಔಷಧಿ ಇಲ್ಲ. ಧೂಮಪಾನ ಬಿಟ್ಟರೆ ಹಾನಿಯ ವೇಗ ತಗ್ಗುತ್ತದೆ. ಎಷ್ಟು ಬೇಗ ಬಿಟ್ಟರೆ ಅಷ್ಟು ಉಳಿತಾಯ.

ಬೀಡಿ ಮುಟ್ಟದವರಿಗೂ ಹೊಗೆ ತಪ್ಪಿದ್ದಲ್ಲ. ನಮ್ಮ ಕಡೆ ಅಡುಗೆಗೆ ಗ್ಯಾಸ್ ಬಂದಿದ್ದರೂ ಸ್ನಾನದ ಹಂಡೆಗೆ ಇಂದಿಗೂ ಸೌದೆ, ತೆಂಗಿನ ಮಟ್ಟೆ, ಸೋಗೆಗಳೇ ಉರುವಲು. ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಧೂಮಪಾನ ಮಾಡದ ಮಹಿಳೆಯರ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸರಳವಾದ ಲೆಕ್ಕವೊಂದನ್ನು ಬಳಸಿದೆ: ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳು ಗುಣಿಸು ವರ್ಷಗಳು. ಈ ಗುಣಲಬ್ಧ 60 ಮುಟ್ಟಿದವರಲ್ಲಿ ದೀರ್ಘಕಾಲದ ಬ್ರಾಂಕೈಟಿಸ್ ಅಪಾಯ ಗಮನಾರ್ಹವಾಗಿ ಹೆಚ್ಚಿತ್ತು. ದಿನಕ್ಕೆ ಮೂರು ಗಂಟೆಯಂತೆ 20 ವರ್ಷ ಅಂದರೆ 60. ನಿಮ್ಮ ಅಮ್ಮ, ಅಜ್ಜಿಯ ಲೆಕ್ಕವನ್ನು ನೀವೇ ಹಾಕಿ ನೋಡಿ. ಸತತ ಎರಡು ವರ್ಷ, ವರ್ಷಕ್ಕೆ ಕನಿಷ್ಠ ಮೂರು ತಿಂಗಳು ಕಫದ ಕೆಮ್ಮಿದ್ದರೆ ಅದನ್ನು ದೀರ್ಘಕಾಲದ ಬ್ರಾಂಕೈಟಿಸ್ ಎನ್ನುತ್ತಾರೆ. ಇದು ಮತ್ತು ಎಂಫಿಸೀಮ ಎರಡನ್ನೂ ಒಳಗೊಂಡ ಹೆಸರೇ ಸಿಒಪಿಡಿ.

ಕೆಲಸದ ಧೂಳು: ತೊಂದರೆ ನಡುವಿನ ಅಂಗಾಂಶದಲ್ಲಿ

ಕಲ್ಲು ಒಡೆಯುವ, ಕೊರೆಯುವ, ಪುಡಿಮಾಡುವ ಕೆಲಸದಲ್ಲಿ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಗಾಳಿಚೀಲ ಮುಟ್ಟಿದ ಸಿಲಿಕಾ ಕಣವನ್ನು ಭಕ್ಷಕ ಕೋಶ ನುಂಗುತ್ತದೆ, ಜೀರ್ಣಿಸಲಾಗದೆ ತಾನೇ ಸಾಯುತ್ತದೆ. ಹೊರಬಿದ್ದ ಕಣವನ್ನು ಇನ್ನೊಂದು ಕೋಶ ನುಂಗುತ್ತದೆ. ಈ ಉರಿಯೂತ ನಿಲ್ಲದೆ ನಡೆದು ಮೃದುವಾದ ಅಂಗಾಂಶ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಇದೇ ಫೈಬ್ರೋಸಿಸ್, ಕಾಯಿಲೆ ಸಿಲಿಕೋಸಿಸ್. ಭಾರತದಲ್ಲಿ ಇದು ಮೊದಲು ವರದಿಯಾದದ್ದು ನಮ್ಮದೇ ರಾಜ್ಯದ ಕೋಲಾರದ ಚಿನ್ನದ ಗಣಿಗಳಿಂದ. ಗಣಿ 2001ರಲ್ಲಿ ಮುಚ್ಚಿತು. ಆದರೆ ಸಿಲಿಕೋಸಿಸ್ ಕೆಲಸ ಬಿಟ್ಟ ಮೇಲೂ ಮುಂದುವರಿಯಬಲ್ಲ ಕಾಯಿಲೆ.

ಇದು ನಮಗೆ ದೂರದ ಮಾತಲ್ಲ. ಗುಬ್ಬಿ, ಚಿಕ್ಕನಾಯಕನಹಳ್ಳಿ, ತಿಪಟೂರು ತಾಲ್ಲೂಕುಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯುತ್ತಿತ್ತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಅದಿರಿನ ಶಿಲೆಯಲ್ಲಿ ಕಬ್ಬಿಣದ ಪದರಗಳ ನಡುವೆ ಸಿಲಿಕಾ ಪದರಗಳೂ ಇರುತ್ತವೆ. ಕ್ರಷರ್‌ನಲ್ಲಿ, ಗ್ರಾನೈಟ್ ಕತ್ತರಿಸುವಲ್ಲಿ ದುಡಿಯುವವರಿಗೂ ಇದೇ ಅಪಾಯ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಕಣ್ಣಿಗೆ ಕಾಣುವ ಧೂಳು ನಿಲ್ಲುತ್ತದೆ, ಕಾಣದ ಸಣ್ಣ ಕಣ ನಿಲ್ಲುವುದಿಲ್ಲ. ನೀರು ಚಿಮುಕಿಸಿ ಕೊರೆಯುವುದು, ಧೂಳು ಹೀರುವ ಯಂತ್ರ, ಸರಿಯಾದ ಮಾಸ್ಕ್, ಇವೇ ರಕ್ಷಣೆ.

ಜಾಗವನ್ನು ಕಂಡುಹಿಡಿಯುವುದು

ಸ್ಪೈರೋಮೀಟರ್ ಕೆಲಸಕ್ಕೆ ಬರುವುದು ಇಲ್ಲೇ. ಪೂರ್ತಿ ಉಸಿರೆಳೆದು ಜೋರಾಗಿ ಊದಬೇಕು. ಒಟ್ಟು ಹೊರಬಂದ ಗಾಳಿ ಎಷ್ಟು, ಮೊದಲ ಸೆಕೆಂಡಿನಲ್ಲಿ ಬಂದದ್ದು ಎಷ್ಟು ಎಂದು ಅದು ಅಳೆಯುತ್ತದೆ. ಪಾಠಕ್ಕಾಗಿ ಮೂರು ಉದಾಹರಣೆ ತೆಗೆದುಕೊಳ್ಳೋಣ. ಆರೋಗ್ಯವಂತ ಒಟ್ಟು 4 ಲೀಟರ್ ಊದಿ, ಮೊದಲ ಸೆಕೆಂಡಿನಲ್ಲಿ 3.2 ಲೀಟರ್ ಹೊರಹಾಕಿದ: ಶೇ. 80. ಕೊಳವೆ ಇಕ್ಕಟ್ಟಾದವನು ಒಟ್ಟು 3.6 ಲೀಟರ್, ಮೊದಲ ಸೆಕೆಂಡಿನಲ್ಲಿ 1.8: ಶೇ. 50. ಶ್ವಾಸಕೋಶ ಗಟ್ಟಿಯಾದವನು ಒಟ್ಟು 2.5 ಲೀಟರ್ ಮಾತ್ರ, ಆದರೆ ಮೊದಲ ಸೆಕೆಂಡಿನಲ್ಲೇ 2.1: ಶೇ. 84. ಎರಡನೆಯವನಿಗೆ ಗಾಳಿ ಹೊರಬರಲು ತಡೆ. ಮೂರನೆಯವನಿಗೆ ಗಾಳಿ ತುಂಬಲು ಜಾಗವೇ ಇಲ್ಲ. ಎರಡನೆಯವನಿಗೆ ಇನ್‌ಹೇಲರ್ ಕೊಟ್ಟು ಮತ್ತೆ ಊದಿಸಿದಾಗ ಅಂಕಿ ಚೆನ್ನಾಗಿ ಏರಿದರೆ ಅಸ್ತಮಾ ಇರಬಹುದು, ಅಷ್ಟಾಗಿ ಏರದಿದ್ದರೆ ಸಿಒಪಿಡಿ ಇರಬಹುದು.

ತುಮಕೂರು ಕಲಿಸಿದ ಪಾಠ

ಈ ಪಾಠದಲ್ಲಿ ಕ್ಷಯದ ಹೆಸರಿಲ್ಲ. ಆದರೆ ಕೆಮ್ಮಿನ ಮಾತು ಬಂದಾಗ ಅದನ್ನು ಬಿಡುವಂತಿಲ್ಲ. ಅದೂ ಶ್ವಾಸಕೋಶದ ಅಂಗಾಂಶವನ್ನೇ ತಿನ್ನುವ ಕಾಯಿಲೆ, ಕಾರಣ ಬ್ಯಾಕ್ಟೀರಿಯ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960ರ ದಶಕದ ಆರಂಭದಲ್ಲಿ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿತು. ಹಳ್ಳಿಯ ಜನಕ್ಕೆ ರೋಗದ ಅರಿವಿಲ್ಲ, ಅವರಾಗಿ ಬರುವುದಿಲ್ಲ ಎಂಬ ನಂಬಿಕೆ ಆಗ ಇತ್ತು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಹೆಚ್ಚಿನ ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಚಿಕಿತ್ಸೆ ಹುಡುಕಿಕೊಂಡು ಹೋಗಿಯೂ ಇದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಸೀಸೆ. ಕೆಮ್ಮುತ್ತಾ ಬಂದವರ ಕಫವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಪರೀಕ್ಷಿಸಬೇಕು ಎಂಬ ತತ್ವ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮದ ಬುನಾದಿಯಾಯಿತು. ಇಡೀ ದೇಶಕ್ಕೆ ಈ ಪಾಠ ಹೇಳಿದ್ದು ನಮ್ಮ ಜಿಲ್ಲೆಯ ಕೆಮ್ಮು.

ಆದ್ದರಿಂದ ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದೇ ಇದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆ, ಔಷಧಿ ಎರಡೂ ಉಚಿತ. ಪೂರ್ತಿ ಅವಧಿಯ ಔಷಧಿ ತೆಗೆದುಕೊಂಡರೆ ಕ್ಷಯ ವಾಸಿಯಾಗುತ್ತದೆ. ಅದು ಹರಡುವುದು ಕೆಮ್ಮಿದಾಗ ಗಾಳಿಯ ಮೂಲಕ, ತಟ್ಟೆ ಲೋಟ ಮುಟ್ಟುವುದರಿಂದಲ್ಲ. ಇನ್ನು ಯಾರಿಗಾದರೂ ಒಂದು ವಾಕ್ಯ ಪೂರ್ತಿ ಹೇಳಲಾರದಷ್ಟು ದಮ್ಮು ಬಂದರೆ, ತುಟಿ ನೀಲಿಯಾದರೆ, ಇನ್‌ಹೇಲರ್ ಕೊಟ್ಟರೂ ಇಳಿಯದಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಪರೀಕ್ಷೆಗೆ ಇಷ್ಟು ನೆನಪಿಡಿ: ಅಸ್ತಮಾದಲ್ಲಿ ಕೊಳವೆ ಬಿಗಿಯುತ್ತದೆ, ಎಂಫಿಸೀಮದಲ್ಲಿ ಚೀಲದ ಗೋಡೆ ಒಡೆಯುತ್ತದೆ, ಸಿಲಿಕೋಸಿಸ್‌ನಲ್ಲಿ ಅಂಗಾಂಶ ಗಟ್ಟಿಯಾಗುತ್ತದೆ. ಮೊದಲನೆಯದು ಔಷಧಿಗೆ ಬಗ್ಗುತ್ತದೆ, ಉಳಿದೆರಡನ್ನು ಬರುವ ಮೊದಲೇ ತಡೆಯಬೇಕು. ಮನೆಯಲ್ಲಿ ಯಾರಾದರೂ ಬಹಳ ದಿನದಿಂದ ಕೆಮ್ಮುತ್ತಿದ್ದರೆ, ಮೆಡಿಕಲ್ ಸ್ಟೋರಿನಿಂದ ಇನ್ನೊಂದು ಸಿರಪ್ ತರುವ ಮುನ್ನ ಕೇಳಿ: ಎಷ್ಟು ದಿನದಿಂದ? ಯಾವ ಕೆಲಸ? ಯಾವ ಹೊಗೆ? ಆ ಮೂರು ಉತ್ತರಗಳನ್ನು ಹಿಡಿದುಕೊಂಡು ಅವರ ಜೊತೆ ನೀವೂ ವೈದ್ಯರ ಹತ್ತಿರ ಹೋಗಿ.