ನೂರು ಬೈಟ್ ನಕಲಿಗೆ ಎಷ್ಟು ಕ್ಲಾಕ್?

8086 ಅಸೆಂಬ್ಲಿಯಲ್ಲಿ ಸ್ಟ್ರಿಂಗ್ ನಕಲು ಮಾಡಲು ಹೇಳಿದರೆ ಹೆಚ್ಚಿನ ವಿದ್ಯಾರ್ಥಿಗಳು ಲೂಪ್ ಬರೆಯುತ್ತಾರೆ. ಬೈಟನ್ನು ಎಎಲ್‌ಗೆ ತರುವುದು, ಹೊಸ ಜಾಗದಲ್ಲಿಡುವುದು, ಎಸ್‌ಐ ಮತ್ತು ಡಿಐಗಳನ್ನು ಒಂದೊಂದು ಏರಿಸುವುದು, ಮತ್ತೆ ಮೇಲಕ್ಕೆ ಹೋಗುವುದು. ಉತ್ತರ ಸರಿಯೇ ಬರುತ್ತದೆ. ಆದರೆ ಇಂಟೆಲ್ ಕೈಪಿಡಿಯ ಲೆಕ್ಕ ಕೂಡಿಸಿ ನೋಡಿ: 13, 14, 2, 2, ಲೂಪ್‌ಗೆ 17. ಬೈಟಿಗೆ 48 ಕ್ಲಾಕ್, ನೂರಕ್ಕೆ ಸುಮಾರು 4800. ಹೆಚ್ಚು ತಿನ್ನುವುದು ಲೂಪ್. ಪ್ರತಿ ಜಿಗಿತಕ್ಕೂ ಮುಂಚಿತವಾಗಿ ತಂದಿಟ್ಟ 6 ಬೈಟ್‌ಗಳ ಸಾಲು ಖಾಲಿಯಾಗಿ, ಆದೇಶಗಳನ್ನು ಮತ್ತೆ ಮೆಮೊರಿಯಿಂದ ತರಬೇಕಾಗುತ್ತದೆ.

ಆದ್ದರಿಂದ ಮೊದಲು ಜಿಗಿತ ತೆಗೆಯಿರಿ. ಮೂಲವನ್ನು ಡಿಎಸ್:ಎಸ್‌ಐಗೆ, ಗುರಿಯನ್ನು ಇಎಸ್:ಡಿಐಗೆ, ಉದ್ದವನ್ನು ಸಿಎಕ್ಸ್‌ಗೆ ಹಾಕಿ, ಸಿಎಲ್‌ಡಿ ಕೊಟ್ಟು ‘ರೆಪ್ ಮೂವ್‌ಎಸ್‌ಬಿ’ ಬರೆಯಿರಿ. ಆರಂಭಕ್ಕೆ 9, ಬೈಟಿಗೆ 17, ಒಟ್ಟು 1709. ಇಎಸ್ ಹೊಂದಿಸುವುದನ್ನು ಮಾತ್ರ ಮರೆಯಬೇಡಿ, ಮರೆತರೆ ನಕಲು ಬೇರೆಲ್ಲೋ ಹೋಗಿ ಬೀಳುತ್ತದೆ.

ಇಲ್ಲಿಗೇ ನಿಲ್ಲಬೇಕಿಲ್ಲ. 8086ರ ಡೇಟಾ ಬಸ್ 16 ಬಿಟ್, ಒಂದೇ ಸಲಕ್ಕೆ ಎರಡು ಬೈಟ್ ಸಾಗಿಸಬಲ್ಲದು. ಸಿಎಕ್ಸನ್ನು ಒಂದು ಬಿಟ್ ಬಲಕ್ಕೆ ಸರಿಸಿ ‘ರೆಪ್ ಮೂವ್‌ಎಸ್‌ಡಬ್ಲ್ಯು’ ಕೊಟ್ಟರೆ ನಕಲು 859 ಕ್ಲಾಕ್‌ಗೆ ಇಳಿಯುತ್ತದೆ. ಉದ್ದ ಬೆಸವಾಗಿದ್ದರೆ? ಸರಿಸಿದಾಗ ಬಿದ್ದ ಬಿಟ್ ಕ್ಯಾರಿಯಲ್ಲಿದೆ, ಮೂವ್‌ಎಸ್ ಅದನ್ನು ಮುಟ್ಟುವುದಿಲ್ಲ. ಸೊನ್ನೆಯಾಗಿರುವ ಸಿಎಕ್ಸ್‌ಗೆ ‘ಎಡಿಸಿ ಸಿಎಕ್ಸ್, ಸಿಎಕ್ಸ್’ ಮಾಡಿ, ಕೊನೆಗೆ ಇನ್ನೊಂದು ‘ರೆಪ್ ಮೂವ್‌ಎಸ್‌ಬಿ’ ಬರೆಯಿರಿ. ಷರತ್ತಿನ ಜಿಗಿತವೇ ಇಲ್ಲದ ಈ ನಾಲ್ಕು ಸಾಲು ನನಗೆ ಇಂದಿಗೂ ಬಲು ಇಷ್ಟ.

ವಿಳಾಸ ಸಮಸಂಖ್ಯೆಯಾಗಿರಲಿ, ಬೆಸ ವಿಳಾಸದ ಪ್ರತಿ ವರ್ಡ್ ಓದಿಗೂ ಬರಹಕ್ಕೂ 4 ಕ್ಲಾಕ್ ದಂಡ. ಡೇಟಾದ ಮೊದಲು ‘ಈವನ್’ ಎಂದು ಬರೆದರೆ ಸಾಕು. 1981ರ ಐಬಿಎಂ ಪಿಸಿಯಲ್ಲಿದ್ದ 8088ಕ್ಕೆ 8 ಬಿಟ್ ಬಸ್ ಇದ್ದುದರಿಂದ ಅಲ್ಲಿ ಈ ದಂಡ ತಪ್ಪದು: ಅದೇ ನಕಲಿಗೆ 1259.

ಸೊನ್ನೆಯಿಂದ ಮುಗಿಯುವ ಸ್ಟ್ರಿಂಗಿನ ಉದ್ದ ಬೇಕಿದ್ದರೆ ಎಎಲ್‌ಗೆ 0, ಸಿಎಕ್ಸ್‌ಗೆ 65535 ಹಾಕಿ, ಇಎಸ್:ಡಿಐಯನ್ನು ಸ್ಟ್ರಿಂಗಿನ ಆರಂಭಕ್ಕೆ ತೋರಿಸಿ ‘ರೆಪ್‌ಎನ್‌ಇ ಸ್ಕ್ಯಾಸ್‌ಬಿ’ ಓಡಿಸಿ. ನಂತರ ಸಿಎಕ್ಸ್‌ಗೆ ನಾಟ್, ಅದರ ಮೇಲೆ ಡೆಕ್. ಉಳಿದದ್ದೇ ಉದ್ದ.

ಗುರಿಯ ಕೊನೆಗೆ ಒಂದು ಗುರುತಿನ ಬೈಟ್ ಇಟ್ಟು 0, 1, 99, 100 ಉದ್ದಗಳಲ್ಲಿ ನಕಲು ಓಡಿಸಿ ನೋಡಿ. ಆ ಬೈಟ್ ಅಳಿದಿದ್ದರೆ ಮೊದಲು ಅನುಮಾನಿಸಬೇಕಾದ್ದು ಎಡಿಸಿ ಸಾಲನ್ನು.