ಕಾರ್ಖಾನೆ ನಿರ್ವಹಣೆಯ ತರಬೇತಿ: ಏಕೆ ಮತ್ತು ಹೇಗೆ

ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು 1962ರಲ್ಲಿ ಸ್ಥಾಪನೆಯಾದ ತರುವಾಯ ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿ ಪ್ರದೇಶದಲ್ಲಿ ರಾಸಾಯನಿಕ, ಔಷಧ ಮತ್ತು ಎಂಜಿನಿಯರಿಂಗ್ ಕಾರ್ಖಾನೆಗಳು ಬೆಳೆದವು. ಕಾಲಕ್ರಮದಲ್ಲಿ ವಸತಿಗಳೂ ಅವುಗಳ ಸಮೀಪಕ್ಕೆ ಬಂದವು. ಡೊಂಬಿವಲಿಯಲ್ಲಿ 2016ರ ಮೇ 26 ಮತ್ತು 2024ರ ಮೇ 23ರಂದು ಸಂಭವಿಸಿದ ಸ್ಫೋಟಗಳಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಸುತ್ತಲಿನ ಮನೆಗಳ ಕಿಟಕಿ ಗಾಜುಗಳೂ ಒಡೆದವು. ಇಂತಹ ಕಡೆಗಳಲ್ಲಿ ನೆರೆಹೊರೆಯವರ ಸುರಕ್ಷತೆಯೂ ಯಂತ್ರಗಳ ಸುಸ್ಥಿತಿಯನ್ನು ಅವಲಂಬಿಸಿರುತ್ತದೆ.

ನಿರ್ವಹಣೆಯಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು. ಕೆಟ್ಟ ಮೇಲೆ ದುರಸ್ತಿ ಮಾಡುವುದು ಮೊದಲನೆಯದು. ನಿಗದಿತ ಅವಧಿಗೊಮ್ಮೆ ಎಣ್ಣೆ, ಬೇರಿಂಗ್, ಕವಾಟಗಳನ್ನು ಪರೀಕ್ಷಿಸಿ ಬದಲಿಸುವುದು ಎರಡನೆಯದು. ಕಂಪನ, ಉಷ್ಣತೆ ಮುಂತಾದವುಗಳನ್ನು ಅಳೆದು ದೋಷವನ್ನು ಮುಂಚಿತವಾಗಿ ಗುರುತಿಸುವುದು ಮೂರನೆಯದು. ಬಾಯ್ಲರಿನ ಸುರಕ್ಷಾ ಕವಾಟವು ಕೆಟ್ಟಿದ್ದರೂ ದಿನನಿತ್ಯದ ಕೆಲಸ ನಿಲ್ಲದು. ಒತ್ತಡ ಮಿತಿಮೀರಿದ ದಿನವೇ ಆ ದೋಷ ಹೊರಬೀಳುತ್ತದೆ. ಆದುದರಿಂದ ಇಂತಹ ಉಪಕರಣಗಳಿಗೆ ಮೊದಲನೆಯ ವಿಧಾನ ಸಲ್ಲದು.

ಈ ವಿದ್ಯೆಯನ್ನು ಕ್ರಮಬದ್ಧವಾಗಿ ಕಲಿಯಬಹುದು. ಕೈಗಾರಿಕಾ ತರಬೇತಿ ಸಂಸ್ಥೆಗಳ ಪಠ್ಯಕ್ರಮದಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಹಾಗೂ ರಾಸಾಯನಿಕ ಸ್ಥಾವರ ನಿರ್ವಹಣಾ ಮೆಕ್ಯಾನಿಕ್ ವೃತ್ತಿಗಳ ತರಬೇತಿಯ ಅವಧಿ ಎರಡು ವರ್ಷ. 1961ರ ಅಪ್ರೆಂಟಿಸ್ ಅಧಿನಿಯಮದ ಮೇರೆಗೆ ಕಾರ್ಖಾನೆಯಲ್ಲಿಯೇ ಶಿಷ್ಯವೇತನ ಸಹಿತ ಅಭ್ಯಾಸ ಪಡೆಯಲೂ ಅವಕಾಶವಿದೆ. ಮುಂಬಯಿಯ ಸಾಯನ್‌ನಲ್ಲಿರುವ ಕೇಂದ್ರ ಕಾರ್ಮಿಕ ಸಂಸ್ಥೆಯು ಕೈಗಾರಿಕಾ ಸುರಕ್ಷತೆಯಲ್ಲಿ ಒಂದು ವರ್ಷದ ಉನ್ನತ ಡಿಪ್ಲೊಮಾ ಶಿಕ್ಷಣವನ್ನು ನೀಡುತ್ತದೆ.

ತರಬೇತಿ ಪಡೆದವರು ದೋಷವನ್ನು ವರದಿ ಮಾಡಿದಾಗ ಯಂತ್ರವನ್ನು ನಿಲ್ಲಿಸಲು ವ್ಯವಸ್ಥಾಪಕರು ಸಿದ್ಧರಿರಬೇಕು. ಆಗ ಮಾತ್ರ ಕಲಿತ ವಿದ್ಯೆ ಫಲ ಕೊಡುತ್ತದೆ.