ಎಷ್ಟು ಓಡುತ್ತದೆ ಎಂದು ಕೇಳುವ ಹುಡುಗರಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಗ್ಯಾರೇಜುಗಳಲ್ಲಿ ಗ್ರೀಸಿನ ಕೈಯಲ್ಲೇ ಬೆಳೆಯುತ್ತಿರುವ ಹುಡುಗರೇ, ಹಳೆಯ ಕಾಲದ ಸ್ಪೋರ್ಟ್ಸ್ ಕಾರೊಂದರ ಪಡಿಯಚ್ಚನ್ನು ಸ್ವಂತ ಕೈಯಿಂದ ಕಟ್ಟಬೇಕೆಂಬ ಆಸೆ ನಿಮ್ಮಲ್ಲಿ ಕೆಲವರಿಗಿದೆ. ಗುಜರಿಯಿಂದ ಎಂಜಿನ್ ತರೋಣ, ಚೌಕ ಪೈಪಿನಲ್ಲಿ ಚಾಸಿ ಮಾಡೋಣ, ಮೇಲೆ ಫೈಬರ್ ಬಾಡಿ ಕೂರಿಸೋಣ ಅನ್ನುತ್ತೀರಿ. ಆ ಆಸೆ ನನಗೆ ತುಂಬ ಇಷ್ಟ. ಗಾಡಿಯನ್ನು ಕಟ್ಟಿ ಕಲಿತವನಿಗೆ ದಕ್ಕುವ ವಿದ್ಯೆ ಶೋರೂಮಿನಿಂದ ಕೀ ಈಸಿಕೊಂಡು ಬಂದವನಿಗೆ ದಕ್ಕುವುದಿಲ್ಲ. ಆದರೆ ನೀವೆಲ್ಲ ಮೊದಲು ಕೇಳುವುದು ಒಂದೇ ಮಾತು: ‘ಎಷ್ಟು ಹೊಡೆಯುತ್ತೆ ಸಾರ್?’ ಅದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ, ಕೊನೆತನಕ ಕೇಳಿಸಿಕೊಳ್ಳಿ.

ನೀವು ನಕಲು ಮಾಡಹೊರಟ ಮೂಲ ಕಾರುಗಳೇ ನೀವಂದುಕೊಂಡಷ್ಟು ವೇಗದವಲ್ಲ. 1957ರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಲೋಟಸ್ ಸೆವೆನ್ ಎಂಬ ಪುಟ್ಟ ಗಾಡಿ ತಂದರು. ಅದರ ಪಡಿಯಚ್ಚುಗಳು ಎಷ್ಟೋ ದೇಶಗಳಲ್ಲಿ ಆಗಿವೆ. ನಮ್ಮಲ್ಲೂ ಚಿಂಕಾರ ಮೋಟರ್ಸ್‌ನವರು ಅದೇ ರೂಪದ ರೋಡ್‌ಸ್ಟರ್ ಮಾಡಿದರು. ಅದರೊಳಗಿದ್ದದ್ದು ಇಸುಜು 1.8 ಲೀಟರ್ ಎಂಜಿನ್, ಅಂಬಾಸಿಡರ್ 1800ರಲ್ಲಿ ಇದ್ದ ಜಾತಿಯದೇ. ಮೂಲದ ಸೆವೆನ್‌ಗೆ ಇದ್ದದ್ದು 1172 ಸಿಸಿಯ ಫೋರ್ಡ್ ಎಂಜಿನ್, 40 ಅಶ್ವಶಕ್ತಿ. 1958ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಓಡಿಸಿ ಅಳೆದಾಗ ಗಂಟೆಗೆ ಸುಮಾರು 130 ಕಿಲೋಮೀಟರಿಗೆ ನಿಂತಿತು. ನಿಂತಲ್ಲಿಂದ 96 ತಲುಪಲು 16 ಸೆಕೆಂಡು ಹಿಡಿಯಿತು. ಮದುವೆ ಮೆರವಣಿಗೆಯಲ್ಲಿ ಕಾಣುವ ಉದ್ದ ಮಡ್‌ಗಾರ್ಡಿನ ಎಂಜಿ ಟಿಡಿ ಮಾದರಿಯ ಮೂಲವೂ 125ರ ಆಸುಪಾಸಿನದೇ. ಇವತ್ತು ಶಿರಾದ ಬೈಪಾಸಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಸಣ್ಣ ಕಾರು ಇವೆರಡನ್ನೂ ಹಿಂದೆ ಹಾಕುತ್ತದೆ. ಬೆಂಗಳೂರಿನ ಸ್ಯಾನ್ ಮೋಟರ್ಸ್ ಮಾಡಿದ ಸ್ಯಾನ್ ಸ್ಟಾರ್ಮ್ ಯಾವುದರ ನಕಲೂ ಅಲ್ಲ, ಎರಡೇ ಸೀಟಿನ ಚೆಲುವಾದ ತೆರೆದ ಗಾಡಿ. ಅದರ ಎಂಜಿನ್ ಕೂಡ 1149 ಸಿಸಿಯ ರೆನೋ, 60 ಅಶ್ವಶಕ್ತಿ ಅಷ್ಟೇ. ಬಾಡಿಯ ರೂಪ ನೋಡಿ ವೇಗ ಹೇಳಲು ಆಗುವುದಿಲ್ಲ.

ಹಾಗಾದರೆ ದೊಡ್ಡ ಎಂಜಿನ್ ಹಾಕಿದರಾಯಿತಲ್ಲ ಅನ್ನುತ್ತೀರಿ. ಅಲ್ಲಿ ಗಾಳಿ ಅಡ್ಡ ಬರುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ, ಅದನ್ನು ಸೀಳಲು ಬೇಕಾದ ಶಕ್ತಿ ಎಂಟರಷ್ಟು. ವೇಗ ನೂರಕ್ಕೆ ಹತ್ತು ಭಾಗ ಏರಬೇಕಾದರೂ ಮೂರನೇ ಒಂದು ಭಾಗ ಹೆಚ್ಚು ಶಕ್ತಿ ಬೇಕು. ಚಕ್ರ ಹೊರಗೆ, ಹೆಡ್‌ಲೈಟ್ ಹೊರಗೆ, ಗಾಜು ನೆಟ್ಟಗೆ, ತಲೆಯ ಮೇಲೆ ಸೂರಿಲ್ಲ: ಸೆವೆನ್ ಮಾದರಿಯ ಆಕಾರ ಗಾಳಿಯನ್ನು ಸೀಳುವಂಥದ್ದಲ್ಲ. ಅದರ ತಡೆಯ ಅಂಕ ಇವತ್ತಿನ ಸಾಧಾರಣ ಕಾರಿನ ಎರಡರಷ್ಟು. ಅಂಥ ಗಾಡಿಗೆ 100 ಅಶ್ವಶಕ್ತಿ ಹಾಕಿದರೆ ನನ್ನ ಲೆಕ್ಕದಲ್ಲಿ ಅದು 160ರಿಂದ 170ರ ನಡುವೆ ಉಸಿರುಗಟ್ಟುತ್ತದೆ. 200ರ ಮಾತು ಬಿಡಿ.

ಇದನ್ನು ನಂಬದವರಿಗೆ ಕೋಬ್ರಾದ ಕಥೆ ಹೇಳಬೇಕು. ಅಮೆರಿಕದ ಕ್ಯಾರಲ್ ಶೆಲ್ಬಿ ಬ್ರಿಟನ್ನಿನ ಹಗುರ ಬಾಡಿಗೆ 4.7 ಲೀಟರ್ ಫೋರ್ಡ್ ಎಂಜಿನ್ ಕೂರಿಸಿ ಮಾಡಿದ ತೆರೆದ ಕಾರು ಅದು. ಶಕ್ತಿಗೇನೂ ಕೊರತೆಯಿರಲಿಲ್ಲ. ಆದರೂ ಫ್ರಾನ್ಸಿನ ಲೆ ಮಾನ್ಸ್ ಪಂದ್ಯದ ಆ ಸುಮಾರು ಆರು ಕಿಲೋಮೀಟರಿನ ನೇರ ರಸ್ತೆಯಲ್ಲಿ 255ರ ಹತ್ತಿರ ಬಂದು ನಿಂತುಬಿಡುತ್ತಿತ್ತು, ಫೆರಾರಿಗಳು ಮುಂದೆ ಸಾಗುತ್ತಿದ್ದವು. ಪೀಟರ್ ಬ್ರಾಕ್ ಎಂಬ ಯುವಕ ಎಂಜಿನ್ನಿನ ಜಾತಿ ಬದಲಿಸದೆ ಮೇಲಿನ ಬಾಡಿಯನ್ನಷ್ಟೇ ಬೇರೆ ಮಾಡಿದರು: ಮೇಲೆ ಸೂರು, ಓರೆಯಾದ ಗಾಜು, ಕತ್ತರಿಸಿದಂಥ ಹಿಂಬದಿ. ಅದೇ ಡೇಟೋನ ಕೂಪೆ. ವೇಗ 300ರ ಗೆರೆಯನ್ನು ಮುಟ್ಟಿತು. 1964ರ ಲೆ ಮಾನ್ಸ್‌ನಲ್ಲಿ ತನ್ನ ವರ್ಗದಲ್ಲಿ ಗೆದ್ದಿತು. ಜಗತ್ತು ಇವತ್ತು ಹೆಚ್ಚಾಗಿ ನಕಲು ಮಾಡುತ್ತಿರುವುದು ಮಾತ್ರ ಹಿಂದಿನ ಆ ತೆರೆದ ಕೋಬ್ರಾವನ್ನೇ, ನೋಡಲು ಅಷ್ಟು ಚೆಂದ ಅದು.

ಗಾಳಿಯ ಬಗ್ಗೆ ಇನ್ನೊಂದು ಮಾತಿದೆ. ನಮ್ಮ ಬಯಲು ಸಮುದ್ರ ಮಟ್ಟದಿಂದ 600 ಮೀಟರಿಗೂ ಮೇಲಿದೆ. ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ಗಾಳಿ ಇನ್ನೂ ತೆಳುವಾಗುತ್ತದೆ, ಟರ್ಬೊ ಇಲ್ಲದ ಎಂಜಿನ್ ಸೊರಗುತ್ತದೆ. ಪಿಕಪ್ ಕಡಿಮೆಯಾಯಿತು ಎಂದು ಜೆಟ್ ಬದಲಿಸಲು ಓಡಬೇಡಿ. ಗಾಳಿ ತೆಳುವಾದಾಗ ತಡೆಯೂ ಅಷ್ಟೇ ತಗ್ಗುವುದರಿಂದ ಕೊನೆಯ ವೇಗ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ.

ಇನ್ನು ಗೇರಿನ ಲೆಕ್ಕ. ಇದನ್ನು ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲೇ ಮಾಡಬಹುದು. ಎಂಜಿನ್ ನಿಮಿಷಕ್ಕೆ 6000 ಸುತ್ತು, ಟಾಪ್ ಗೇರ್ ಒಂದಕ್ಕೊಂದು, ಕ್ರೌನ್ ಪಿನಿಯನ್ 4.3, ಟೈರಿನ ಸುತ್ತಳತೆ 1.8 ಮೀಟರ್ ಅಂತಿಟ್ಟುಕೊಳ್ಳಿ. 6000ವನ್ನು 4.3ರಿಂದ ಭಾಗಿಸಿ, 1.8ರಿಂದ ಗುಣಿಸಿ, ಗಂಟೆಗೆ ಅಂತ 60ರಿಂದ ಗುಣಿಸಿ, ಸಾವಿರದಿಂದ ಭಾಗಿಸಿ. 150 ಬರುತ್ತದೆ. ಎಂಜಿನ್ನಿನಲ್ಲಿ ಎಷ್ಟೇ ಶಕ್ತಿ ಇರಲಿ, ಅದೇ ಗೇರು ಅದೇ ಟೈರು ಇರುವತನಕ 6000 ಸುತ್ತಿಗೆ 150ರ ಮೇಲೆ ಹೋಗಲಾರದು. ಟೈರ್ ಬದಲಿಸಿ ಸುತ್ತಳತೆ ಕಡಿಮೆಯಾದರೆ ಸ್ಪೀಡೋಮೀಟರ್ ಮುಳ್ಳು ಮಾತ್ರ ಮೇಲೇರುತ್ತದೆ, ಗಾಡಿ ಏರುವುದಿಲ್ಲ. ಕಂಪನಿಯ ಮೀಟರುಗಳೇ ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವಂತೆ ಇರುತ್ತವೆ. ಆದ್ದರಿಂದ ಮೊಬೈಲಿನಲ್ಲಿ ಮುಳ್ಳಿನ ವಿಡಿಯೊ ತೋರಿಸಿ ‘ನೋಡಿ ಸಾರ್ 180’ ಅಂದರೆ ನಾನು ಒಪ್ಪುವುದಿಲ್ಲ, ಜಿಪಿಎಸ್ ಲೆಕ್ಕ ತನ್ನಿ.

ಟೈರನ್ನೂ ಓದಲು ಕಲಿಯಿರಿ. ಪಕ್ಕದ ಬರಹದಲ್ಲಿ ಎಸ್ ಇದ್ದರೆ 180ಕ್ಕೆ, ಎಚ್ ಇದ್ದರೆ 210ಕ್ಕೆ ತಾಳುವ ಟೈರು. ಕೊನೆಯ ನಾಲ್ಕು ಅಂಕಿ ಹುಟ್ಟಿದ ವಾರ ಮತ್ತು ವರ್ಷ. 2315 ಅಂದರೆ 2015ರ 23ನೇ ವಾರ. ಗುಜರಿಯಲ್ಲಿ ಗುಂಡಿ ಚೆನ್ನಾಗಿ ಉಳಿದಿದೆ ಎಂದು ಕೊಂಡ ಹಳೇ ಟೈರಿನ ರಬ್ಬರು ಒಳಗೇ ಒಣಗಿ ಕಲ್ಲಾಗಿರುತ್ತದೆ.

ಈಗ ನಮ್ಮ ರಸ್ತೆಗೆ ಬನ್ನಿ. ಮಧುಗಿರಿಯಿಂದ ಪಾವಗಡಕ್ಕೆ, ಕೊರಟಗೆರೆಯಿಂದ ಗೊರವನಹಳ್ಳಿಗೆ ಹೋಗುವ ದಾರಿ ನಿಮಗೆ ಗೊತ್ತು. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ಟಾರಿನ ಮೇಲೆ ಹರಡಿರುತ್ತಾರೆ. ತಗ್ಗು ಗಾಡಿಯ ಅಡಿಗೆ ಹುರುಳಿಯ ಬಳ್ಳಿ ಸುತ್ತಿಕೊಂಡು ಸೈಲೆನ್ಸರಿನ ಕಾವಿಗೆ ಹತ್ತಿಕೊಳ್ಳುತ್ತದೆ, ಮೇಲಿರುವುದು ಫೈಬರ್ ಬಾಡಿ. ಕುರಿ ಮಂದೆ ತಿರುವಿನಲ್ಲೇ ರಸ್ತೆ ದಾಟುತ್ತದೆ. ತಿರುಮಣಿ ಸೋಲಾರ್ ಪಾರ್ಕಿನ ಕಡೆ ರಸ್ತೆ ಖಾಲಿ ಎಂದು ಹೇಳುತ್ತೀರಿ. ಅಲ್ಲಿ ಕೆಲಸ ಮುಗಿಸಿ ಸಂಜೆ ಬೈಕಿನಲ್ಲಿ ಮನೆಗೆ ಬರುವವರು ನಿಮ್ಮ ಮನೆಯವರೇ. 2022ರ ಆಗಸ್ಟ್‌ನಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಹತ್ತಿರ ಹೆದ್ದಾರಿಯಲ್ಲಿ ಲಾರಿಗೂ ಕ್ರೂಸರಿಗೂ ಡಿಕ್ಕಿಯಾಗಿ ಕೂಲಿಗೆ ಹೊರಟಿದ್ದ ರಾಯಚೂರಿನ ಕಡೆಯ ಒಂಬತ್ತು ಜನ ಸತ್ತರು. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಮಿತಿಯಲ್ಲಿ ನಾಲ್ಕು ಪಥದ ವಿಭಜಿತ ಹೆದ್ದಾರಿಗೆ 100, ಉಳಿದ ರಸ್ತೆಗೆ 70. ತೆರೆದ ಗಾಡಿಯಲ್ಲಿ ನೆಲಕ್ಕೆ ಕೈ ತಾಗುವಷ್ಟು ಕೆಳಗೆ ಕೂತು 70ರಲ್ಲಿ ಹೋಗಿ ನೋಡಿ. ಗಾಳಿ ಮುಖಕ್ಕೆ ಬಡಿಯುತ್ತದೆ, ಎಂಜಿನ್ನಿನ ದನಿ ಎದೆಗೇ ಕೇಳುತ್ತದೆ, ಮಧುಗಿರಿಯ ಏಕಶಿಲೆ ಪೂರ್ತಿ ಕಣ್ಣಿಗೆ ತುಂಬುತ್ತದೆ. ಮುಚ್ಚಿದ ಕಾರಿನಲ್ಲಿ 120ಕ್ಕೂ ಸಿಗದ ಸುಖ ಅದು. ಚಾಪ್‌ಮನ್‌ರ ಆ 40 ಅಶ್ವಶಕ್ತಿಯ ಗಾಡಿಗೆ ಜನ ಮನಸೋತದ್ದೂ ಇದಕ್ಕೇ.

ಕಾಗದದ ವಿಷಯ ಚಾಸಿಗೆ ವೆಲ್ಡಿಂಗ್ ಹಿಡಿಯುವ ಮುಂಚೆಯೇ ಮುಗಿಯಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಸ್ಪಷ್ಟಪಡಿಸಿದೆ. ಹಳೇ ಮಾರುತಿಯ ಆರ್‌ಸಿ ಇಟ್ಟುಕೊಂಡು ಅದರ ಮೇಲೆ ಕೋಬ್ರಾ ಕೂರಿಸಿದರೆ ವಿಮೆಯೂ ಕೈ ಹಿಡಿಯುವುದಿಲ್ಲ. ಮಧುಗಿರಿಯ ಆರ್‌ಟಿಒ ಕಚೇರಿಗೆ ಹೋಗಿ ಮೊದಲೇ ಕೇಳಿ. ರಸ್ತೆಗೆ ಒಪ್ಪಿಗೆ ಸಿಗದಿದ್ದರೆ ಗಾಡಿಯನ್ನು ಲಾರಿಯಲ್ಲಿ ಹೇರಿಕೊಂಡು ಚೆನ್ನೈ ಬಳಿಯ ಇರುಂಗಾಟ್ಟುಕೋಟೆಗೋ ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಹೋಗುವ ದಾರಿ ಇದೆ. ಅಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ಆಂಬುಲೆನ್ಸ್ ನಿಂತಿರುತ್ತದೆ.

ಎಂಜಿನ್ನಿಗೆ ದುಡ್ಡು ಸುರಿಯುವ ಮೊದಲು ಬ್ರೇಕು ಕಟ್ಟಿ. ಒಣ ರಸ್ತೆ, ಒಳ್ಳೆಯ ಟೈರು, ಒಳ್ಳೆಯ ಬ್ರೇಕು ಇದ್ದರೆ 100ರಲ್ಲಿ ಹೋಗುವ ಗಾಡಿ ಪೆಡಲ್ ತುಳಿದ ಮೇಲೆ ಸುಮಾರು 55 ಮೀಟರಿನಲ್ಲಿ ನಿಲ್ಲುತ್ತದೆ. 140ರಲ್ಲಿ 110 ಮೀಟರ್ ಬೇಕು. ಕಣ್ಣು ಕಂಡು ಕಾಲು ಒತ್ತುವ ಒಂದು ಸೆಕೆಂಡಿನಲ್ಲಿ ಹೋಗುವ 39 ಮೀಟರ್ ಇದಕ್ಕೆ ಮೇಲು. ನಿಮ್ಮ ಗಾಡಿ ಎದ್ದು ನಿಂತ ದಿನ, ಜಮೀನಿನವರ ಒಪ್ಪಿಗೆ ಪಡೆದು ಬೇಲಿಯೊಳಗಿನ ಗಟ್ಟಿ ನೆಲದಲ್ಲಿ 60ಕ್ಕೆ ತಂದು ಬ್ರೇಕ್ ಹಾಕಿ. ಹಾಕಿದ ಜಾಗಕ್ಕೂ ನಿಂತ ಜಾಗಕ್ಕೂ ಸುಣ್ಣದ ಗೆರೆ ಎಳೆದು ಟೇಪ್ ಹಿಡಿಯಿರಿ. 20 ಮೀಟರಿನ ಆಸುಪಾಸು ಬರಬೇಕು. 30 ಬಂದರೆ, ಅಥವಾ ಗಾಡಿ ಒಂದು ಪಕ್ಕಕ್ಕೆ ಎಳೆದರೆ, ಅಲ್ಲೇ ನಿಲ್ಲಿಸಿ ಮಾಸ್ಟರ್ ಸಿಲಿಂಡರ್, ಲೈನಿಂಗ್, ಟೈರು ಮೂರನ್ನೂ ಬಿಚ್ಚಿ ನೋಡಿ. ಆ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಹತ್ತಿರ ತನ್ನಿ, ಎಷ್ಟು ಓಡಿಸಬಹುದು ಎಂಬುದನ್ನು ಆಮೇಲೆ ಕೂತು ಲೆಕ್ಕ ಹಾಕೋಣ.